ಕಂಬಿ ಆರಿಸುವ ಹಕ್ಕು

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಕಡೆ ಮೌಲ್ಡಿಗೆ ಯಾವ ಕಂಬಿ ಹಾಕಬೇಕು ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ, ಇಂಜಿನಿಯರೊಬ್ಬನನ್ನು ಬಿಟ್ಟು. ಎಂಬತ್ತರ ದಶಕದಲ್ಲಿ ಡಿಪ್ಲೊಮಾ ಮುಗಿಸಿ ಕೊಳ್ಳೇಗಾಲದಲ್ಲಿ ಬೋರ್ಡು ತೂಗುಹಾಕಿ ಕುಳಿತಾಗ ನನಗಿದು ಗೊತ್ತಿರಲಿಲ್ಲ. ಕಾಂಕ್ರೀಟಿನ ಚಾವಣಿ ಹಾಕಿಸುವುದಕ್ಕೆ ನಮ್ಮ ಕಡೆ ಮೌಲ್ಡ್ ಹಾಕಿಸುವುದು ಅನ್ನುತ್ತಾರೆ. ಅದರೊಳಗಿನ ಕಂಬಿಯ ವಿಷಯ ಬಂದರೆ ಮನೆಯವನ ಭಾವಮೈದ ಹೇಳುತ್ತಾನೆ, ಕ್ಷೌರದಂಗಡಿಯವನು ಹೇಳುತ್ತಾನೆ, ಮರಳು ತಂದ ಗಾಡಿಯವನು ಎತ್ತು ನಿಲ್ಲಿಸಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಾನೆ. ನಾನು ಬಾಯಿ ತೆರೆದರೆ ಮಾತ್ರ, "ನೀವ್ ಸುಮ್ಕಿರಿ ಸಾ, ನಿಮ್ಗೆ ಗೊತ್ತಾಗಕಿಲ್ಲ" ಎಂಬ ಉತ್ತರ. ಆರಿಸುವವರು ಅವರು, ಬಿರುಕು ಬಿಟ್ಟರೆ ಕೆಡುವ ಹೆಸರು ನನ್ನದು! ಇಷ್ಟು ವರ್ಷ ನಾನು ಆಸೆಪಟ್ಟದ್ದು ಒಂದೇ. ಒಂದೇ ಒಂದು ಮೌಲ್ಡು ನಾನು ಆರಿಸಿದ ಕಂಬಿಯ ಮೇಲೆ ನಿಲ್ಲಬೇಕು, ಅದು ಆ ಕಂಬಿಯಿಂದಲೇ ನಿಂತಿತು ಎಂದು ಜನ ಒಪ್ಪಬೇಕು.

ಆಕಾಶ ನೋಡುವ ಕಂಬಿ

ಯಳಂದೂರಿನ ಪಕ್ಕದ ಹಳ್ಳಿಯಲ್ಲಿ ಒಬ್ಬ ಯಜಮಾನರು ಮನೆ ಕಟ್ಟಿಸುತ್ತಿದ್ದರು. ಬರೀ ಇಟ್ಟಿಗೆ ಗೋಡೆ, ಪಿಲ್ಲರ್ ಅನ್ನುವುದು ಒಂದೂ ಇಲ್ಲ. ಕಂಬಿಯನ್ನು ಗೇಣಿಗೊಂದರಂತೆ ಒತ್ತಾಗಿ ಕಟ್ಟಿ ಎಂದು ಹೇಳಿ ಬಂದಿದ್ದೆ. ಮಾರನೆಯ ದಿನ ಹೋಗಿ ನೋಡಿದರೆ ಮೊಳಕ್ಕೊಂದು ಕಂಬಿ. ನಡುವೆ ಕುರಿಮರಿ ತೂರಬಹುದು. ಮಿಕ್ಕ ಕಂಬಿಯೆಲ್ಲ ಗೋಡೆಯ ನಾಲ್ಕು ಮೂಲೆಗಳಲ್ಲಿ ಕಂತೆ ಕಂತೆಯಾಗಿ ಆಕಾಶ ನೋಡುತ್ತ ನಿಂತಿದೆ.

"ಇದೇನು ಯಜಮಾನ್ರೇ?" ಅಂದೆ.

"ಮುಂದಕ್ಕೆ ಮ್ಯಾಲೊಂದು ಅಂತಸ್ತು ಎಬ್ಬುಸಕ್ಕೆ ಸಾ."

"ಮೇಲೆ ಅಂತಸ್ತು ಬೇಕಾದರೆ ಈ ಕಂಬಿಯ ಕೆಳಗೆ ಪಿಲ್ಲರ್ ಬೇಡವಾ? ಇದು ಯಾತರ ಮೇಲೆ ನಿಂತಿದೆ?"

"ಇಟ್ಗೆ ಮ್ಯಾಲೆ. ನಿಂತದೆ ತಾನೆ?"

"ಇದು ಮೌಲ್ಡಿನ ಒಳಗಿರಬೇಕಾದ ಕಂಬಿ ಕಣ್ರೀ!"

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಳ್ಗಿರದ ಯಾರ್ ನೋಡಾರು ಸಾ? ಮ್ಯಾಲಿದ್ರೆ ಬಸ್ನಲ್ಲಿ ಓಗೋರೂ ನೋಡ್ತಾರೆ. ಮಗ್ಳು ಮದ್ವೆಗೆ ಬಂದವ್ಳೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮಲಗಿದವರ ಮೇಲೆ ಚಾವಣಿ ಬಿದ್ದರೆ ಮದುವೆ ಎಲ್ಲಿಯದು ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಕೊನೆಗೆ ಮೌಲ್ಡಿಗೆ ಸಾಕಾಗುವಷ್ಟು ಬೇರೆ ಕಂಬಿ ತರಿಸಿದರು, ಅದನ್ನೂ ಅವರ ಭಾವಮೈದನೇ ಆರಿಸಿದ. ಮೂಲೆಯ ಕಂತೆಗಳು ಮಾತ್ರ ಕದಲಲಿಲ್ಲ. ಆ ಸುಗ್ಗಿಯಲ್ಲೇ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಬಾಗಿಲಲ್ಲಿ ನಿಂತು ತಲೆಯೆತ್ತಿ ನಾಲ್ಕೂ ಮೂಲೆ ನೋಡಿ, ಒಳಗೆ ಬಂದು ಕುಳಿತು, ಹೆಣ್ಣು ಅಡುಗೆಮನೆಯಿಂದ ಹೊರಗೆ ಬರುವ ಮೊದಲೇ, "ನಮ್ಗೆ ಒಪ್ಗೆ ಕಣ್ರಿ" ಅಂದರಂತೆ.

ಹಳೆಯದೇ ಒಳ್ಳೆಯದು

ಹನೂರಿನಲ್ಲಿ ಒಬ್ಬ ಅಮ್ಮನವರು ತಾವೇ ಮುಂದೆ ನಿಂತು ಮನೆ ಕಟ್ಟಿಸುತ್ತಿದ್ದರು. ಅಂಗಡಿಯ ಹಿಂದೆ ಮಳೆಯಲ್ಲಿ ನೆನೆದು, ಪದರ ಪದರವಾಗಿ ತುಕ್ಕು ಎದ್ದಿದ್ದ ಕಂಬಿಯನ್ನೇ ಹುಡುಕಿ ಆರಿಸಿ ತಂದಿದ್ದರು. ಹೊಸ ಕಂಬಿ ಪಕ್ಕದಲ್ಲೇ ಇತ್ತಂತೆ.

"ಇದನ್ನ ಯಾಕಮ್ಮ ತಂದ್ರಿ?"

"ಅಳೇದು ಕಣಪ್ಪ. ಅಳೇ ಅಕ್ಕಿ ಒಳ್ಳೇದು, ಅಳೇ ಉಣ್ಸೇಅಣ್ಣು ಒಳ್ಳೇದು. ಅಳೇ ಕಬ್ಣ ಯಾಕೊಳ್ಳೇದಲ್ಲ?"

ಇದಕ್ಕೆ ಯಾವ ಪಾಲಿಟೆಕ್ನಿಕ್ಕಿನಲ್ಲಿ ಉತ್ತರ ಹೇಳಿಕೊಡುತ್ತಾರೆ? ವಾಪಸು ಕೊಡಿ ಎಂದರೆ ಕೇಳಲಿಲ್ಲ. ಹಾಗಾದರೆ ತುಕ್ಕನ್ನಾದರೂ ಪೂರ್ತಿ ತೆಗೆಸಿ, ಒಂದು ಚೂರೂ ಉಳಿಯಬಾರದು ಎಂದು ಹೇಳಿ ಬಂದೆ. ಎರಡು ದಿನ ಬಿಟ್ಟು ಹೋದರೆ ಅಂಗಳದ ತುಂಬ ಕಂಬಿ ಫಳಫಳ ಹೊಳೆಯುತ್ತಿದೆ. ಅಬ್ಬ, ಒಬ್ಬರಾದರೂ ನನ್ನ ಮಾತು ಕೇಳಿದರಲ್ಲ ಎಂದು ಹಿಗ್ಗಿ ಹತ್ತಿರ ಹೋದೆ. ನಾಲ್ಕು ಜನ ಹೆಂಗಸರು ಸಾಲಾಗಿ ಕುಳಿತು ಒಂದೊಂದು ಕಂಬಿಗೂ ಹರಳೆಣ್ಣೆ ತಿಕ್ಕುತ್ತಿದ್ದಾರೆ!

"ಅಯ್ಯೋ, ಕಾಂಕ್ರೀಟು ಕಂಬಿಯನ್ನ ಗಟ್ಟಿಯಾಗಿ ಹಿಡ್ಕೋಬೇಕಮ್ಮ! ಎಣ್ಣೆ ಇದ್ದರೆ ಜಾರಿಹೋಗುತ್ತೆ!" ಎಂದು ಕಿರುಚಿದೆ.

"ತುಕ್ ಇಡೀಬಾರ್ದು ಅಂದೋರು ನೀವೇಯ. ನಮ್ಮನೆ ಮಚ್ಚು ಕುಡ್ಲು ಎಲ್ಲಾ ಅರಳೆಣ್ಣೇಲೇ ನಿಂತಿರದು."

ಎಣ್ಣೆ ಪೂರ್ತಿ ಹೋಗದೆ ನಾನು ಮೌಲ್ಡ್ ಹಾಕಿಸುವುದಿಲ್ಲ ಎಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅಮ್ಮನವರು ನನ್ನನ್ನು ದುರುಗುಟ್ಟಿ ನೋಡಿ, ಒಳಗೆ ತಿರುಗಿ, "ಸೀಗೆಪುಡಿ ತಕಂಡ್ ಬನ್ರವ್ವಾ" ಎಂದರು. ಹಂಡೆಯಲ್ಲಿ ಬಿಸಿನೀರು ಕಾಯಿಸಿ, ಒಂದೊಂದನ್ನೂ ಉಜ್ಜಿ ತೊಳೆದು, ಬಿಸಿಲಿಗೆ ಒಣಗಲು ಹಾಕಿದರು. ಪುಣ್ಯಕ್ಕೆ ಸಾಂಬ್ರಾಣಿ ಹೊಗೆಯೊಂದನ್ನು ಹಾಕಲಿಲ್ಲ.

ನೆಲಕ್ಕೆ ಯಾಕೆ ಕಬ್ಬಿಣ?

ಕೊಳ್ಳೇಗಾಲದ ಹೊರಗೆ ಅಕ್ಕಿ ಗಿರಣಿ ಇಟ್ಟಿದ್ದ ಸಾಹುಕಾರರೊಬ್ಬರು ಗೇಟಿನಿಂದ ಗೋಡೌನಿನವರೆಗೆ ಲಾರಿ ಓಡಾಡಲು ಕಾಂಕ್ರೀಟ್ ದಾರಿ ಹಾಕಿಸಬೇಕೆಂದರು. ಜಾಲರಿಯಂತೆ ಕಂಬಿ ಕಟ್ಟಿ ಒಳಗೆ ಕೂರಿಸಬೇಕು ಎಂದೆ. ಸಾಹುಕಾರರು ನನ್ನ ಬುದ್ಧಿಗೆ ಮರುಗಿದರು.

"ಮ್ಯಾಲಿರದು ಬಿದ್ರೆ ಕೆಳೀಕ್ ಬೀಳ್ತದೆ, ಅದ್ಕೆ ಕಂಬಿ ಬೇಕು, ಸರಿ. ಕೆಳಗೇ ಬಿದ್ದಿರದು ಇನ್ನೆಲ್ಲಿಗ್ ಬೀಳದು ಸಾ?"

ಅಲ್ಲಿದ್ದ ಹಮಾಲಿಗಳೆಲ್ಲ ನಕ್ಕರು. ಲೋಡು ಹತ್ತಿದರೆ ಅಡಿಯ ಮಣ್ಣು ಒಂದು ಕಡೆ ಕುಗ್ಗುತ್ತದೆ, ಆಗ ಕಾಂಕ್ರೀಟು ಸೀಳದಂತೆ ಕಂಬಿ ಹಿಡಿದುಕೊಳ್ಳುತ್ತದೆ ಎಂದು ಎಷ್ಟು ಒದರಿದರೂ ಯಾರು ಕೇಳಬೇಕು? ಹಟ ಹಿಡಿದೆ. ಕಬ್ಬಿಣ ಹಾಕದಿದ್ದರೆ ಈ ಕೆಲಸಕ್ಕೆ ನಾನಿಲ್ಲ ಅಂದೆ. ಸಾಹುಕಾರರು ಸೋತವರಂತೆ, "ಆಯ್ತು, ಕಬ್ಣ ತಾನೆ? ಆಕುಸ್ತೀನಿ ಬುಡಿ" ಅಂದರು. ಕಾಂಕ್ರೀಟು ಹಾಕಿದ ದಿನ ನನಗೆ ಹೇಳಿಕಳಿಸಲಿಲ್ಲ. ತೆಂಗಿನ ತೋಟದ ಬೇಲಿಗೆ ತಂದು ಮಿಕ್ಕಿದ್ದ ಮುಳ್ಳುತಂತಿಯನ್ನು ಉದ್ದಕ್ಕೂ ಹರಡಿ, ಮೇಲೆ ಕಾಂಕ್ರೀಟು ಸುರಿದು ಮುಗಿಸಿದ್ದರು.

ಮೊದಲ ಭತ್ತದ ಲೋಡಿಗೇ ದಾರಿ ಪಟಪಟನೆ ಬಿರಿಯಿತು. ಬಿರುಕಿನಿಂದ ಮುಳ್ಳುಗಳು ಮೇಲೆ ಬಂದವು. ಲಾರಿಯ ಹಿಂದಿನ ಚಕ್ರ ಪಂಚರ್. ನಾನು ಓಡಿಹೋದರೆ ಸಾಹುಕಾರರು ಊರಿನವರಿಗೆಲ್ಲ ಕೇಳಿಸುವಂತೆ, "ಈ ಇಂಜಿನಿಯರ್ ಮಾತ್ ಕೇಳಿ ಕಬ್ಣ ಆಕುಸ್ದೆ, ಅದ್ಕೇ ಇಂಗಾಯ್ತು" ಎನ್ನುತ್ತಿದ್ದಾರೆ. ಸತ್ಯಮಂಗಲದ ಕಡೆಯ ಡ್ರೈವರು ಚಕ್ರದಿಂದ ಮುಳ್ಳುತಂತಿ ಎಳೆದು ಕೈಯಲ್ಲಿ ಹಿಡಿದು, ನನ್ನ ಮುಖವನ್ನೂ ನೆಲವನ್ನೂ ನೋಡಿ ಕೇಳಿದ:

"ತೋಟದ ಸುತ್ತ ಬೇಲಿ ಹಾಕ್ತಾರೆ, ಸರಿ ಸಾರ್. ನೆಲದ ಒಳಗೆ ಬೇಲಿ ಯಾರಿಗೆ, ಎರೆಹುಳಕ್ಕಾ?"

ನನ್ನ ಸ್ವಂತ ಮೌಲ್ಡು

ಇಷ್ಟೆಲ್ಲ ನುಂಗಿಕೊಂಡ ಮೇಲೆ ನನ್ನ ಸ್ವಂತ ಮನೆಯ ಸರದಿ ಬಂತು. ಇಲ್ಲಿ ಯಾವ ಭಾವಮೈದನ ಮಾತೂ ನಡೆಯಬಾರದು ಎಂದು ತೀರ್ಮಾನಿಸಿದ್ದೆ. ಅಂಗಡಿಯಲ್ಲಿ ಒಂದೊಂದು ಕಂಬಿಯನ್ನೂ ಮುಟ್ಟಿ ನೋಡಿ ಆರಿಸಿದೆ. ಕಟ್ಟುವಾಗ ಟೇಪು ಹಿಡಿದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತೆ. ಮೌಲ್ಡಿನ ದಿನ ಕೆಲಸದವರಿಗೆ ಬಾಡೂಟ ಮಾಡಿಸಿದ್ದರೂ ನಾನು ಊಟಕ್ಕೂ ಇಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಕಟ್ಟಿಸಬೇಕೆಂದಿದ್ದ ವ್ಯಾಪಾರಿಯೊಬ್ಬರು ಅಂದು ಬಂದು ನಿಂತು ಎಲ್ಲ ನೋಡಿದರು. ಹೋಗುವಾಗ, "ನಿಮ್ದು ನಿಲ್ಲಲಿ ಸಾ, ನಮ್ ಅಂಗ್ಡಿಗೂ ಕಂಬಿ ನೀವೇ ಆರ್ಸಿ" ಅಂದರು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಕೇಳಿದೆ! ಅವತ್ತು ನನಗೆ ನಿದ್ದೆ ಬರಲಿಲ್ಲ.

ಆದರೆ ನಮ್ಮ ಅತ್ತೆ ನಮ್ಮ ಜೊತೆಯಲ್ಲೇ ಇದ್ದರು. ಪ್ರತಿ ರಾತ್ರಿ ಊಟಕ್ಕೆ ಕುಳಿತಾಗ ನಾನು, ಆ ಮೌಲ್ಡು ಬೀಳುತ್ತೆ, ಈ ಮೌಲ್ಡು ಬೀಳುತ್ತೆ ಎಂದು ಬೈಯುವುದನ್ನು ಕೇಳಿ ಕೇಳಿ, ಮೌಲ್ಡು ಅನ್ನುವುದು ಇವತ್ತೋ ನಾಳೆಯೋ ಬೀಳಲೇಬೇಕಾದ ವಸ್ತು ಎಂದು ಅವರಿಗೆ ಖಾತ್ರಿಯಾಗಿತ್ತು. ಮೌಲ್ಡು ಗಟ್ಟಿಯಾಗುವವರೆಗೆ ಕೆಳಗೆ ಆಸರೆಗೆಂದು ಕೊಟ್ಟಿದ್ದ ನೀಲಗಿರಿ ಮರದ ಕಂಬಗಳನ್ನು ಬಿಚ್ಚಿಸುವ ದಿನ ಬಾಗಿಲಿಗೆ ಅಡ್ಡ ನಿಂತರು.

"ಇರ್ಲಿ ಬುಡಿ ಅಳಿಯಂದ್ರೇ, ಅವೇನು ನಿಮ್ತವ ಉಣ್ಣಕ್ಕೆ ಇಟ್ಟು ಕೇಳ್ತಾವಾ?"

ನನ್ನ ಹೆಂಡತಿಯೂ ಅವರಮ್ಮನ ಕಡೆ. ಕಂಬಗಳ ಕಾಡಿನ ನಡುವೆಯೇ ಗೃಹಪ್ರವೇಶ ನಡೆಯಿತು. ಊಟದ ಪಂಕ್ತಿ ಹಾವಿನಂತೆ ಸುತ್ತಿಕೊಂಡು ಹೋಗಿತ್ತು. ಬಂದವರೆಲ್ಲ ಕಂಬ ನೋಡಿ, ಆಮೇಲೆ ನನ್ನನ್ನು ನೋಡಿ ನಕ್ಕರು. "ಇಂಜಿನಿಯರ್ ಮನೆಗೇ ಊರುಗೋಲಾ?" ಎಂದು ಒಬ್ಬ ಅಜ್ಜ ಕೇಳಿಯೇಬಿಟ್ಟ. ಒಳಗೆ ನುಗ್ಗಿಸಿದ ಹಸು ಒಂದು ಕಂಬಕ್ಕೆ ಹಾಯಾಗಿ ಮೈ ಉಜ್ಜಿಕೊಂಡಿತು. ಕಂಬ ಅಲುಗಿತು. ಪುರೋಹಿತರೂ ಸೇರಿ ಇಡೀ ಮನೆ ಖಾಲಿ.

ಮಾರನೆಯ ಬೆಳಿಗ್ಗೆ ನನ್ನ ತಾಳ್ಮೆ ಮುಗಿಯಿತು. ನಾನೇ ಸುತ್ತಿಗೆ ಹಿಡಿದು ಒಂದೊಂದೇ ಕಂಬ ಕೆಡವಿದೆ. ಹೆಂಡತಿ ಉಪ್ಪಿನಕಾಯಿ ಜಾಡಿ ಅವುಚಿಕೊಂಡು ಬೀದಿಯಲ್ಲಿ ನಿಂತಿದ್ದಳು. ಮೌಲ್ಡು ಕೂದಲೆಳೆಯಷ್ಟೂ ಕದಲಲಿಲ್ಲ. ಇಷ್ಟು ವರ್ಷ ಕಾದ ಮಾತು ಈಗಲಾದರೂ ಬರುತ್ತದೆ ಎಂದು ಎದೆಯುಬ್ಬಿಸಿ ನಿಂತೆ. ಅತ್ತೆ ಒಳಗೆ ಬಂದು ಮೇಲೆ ನೋಡಿ ಕೈಮುಗಿದರು.

"ನಮ್ಮಪ್ಪ ಮಾದಪ್ಪ, ನೀನೇ ಇಡ್ಕಂಡೆ!"

"ಹಿಡಿದಿರೋದು ಕಂಬಿ ಅತ್ತೆ, ನಾನು ಆರಿಸಿದ ಕಂಬಿ!"

"ಅಂಗೆಲ್ಲ ಅನ್ಬಾರ್ದು. ಬೀಳ್ದೆ ನಿಂತ್ರೆ ಮುಡಿ ಕೊಡ್ತೀವಿ ಅಂತ ಅರ್ಕೆ ಒತ್ತಿದ್ದೆ."

"ಯಾರ ಮುಡಿ?"

"ಮನೆ ಯಾರ್ದು? ನಿಮ್ದೇ ತಾನೆ?"

ನಾನು ಹಾರಾಡಿದೆ, ಕೂಗಾಡಿದೆ. ಮಾದಪ್ಪನ ಹರಕೆಯ ಮುಂದೆ ನಮ್ಮ ಸೀಮೆಯಲ್ಲಿ ಯಾರ ಹಾರಾಟ ನಡೆದೀತು? ಆ ಸೋಮವಾರವೇ ಬೆಟ್ಟ ಹತ್ತಿಸಿ ನುಣ್ಣಗೆ ಬೋಳಿಸಿಬಿಟ್ಟರು.

ವಾಪಸು ಬಂದು ಕೊಳ್ಳೇಗಾಲದಲ್ಲಿ ಬಸ್ಸಿಳಿದರೆ ಎದುರಿಗೇ ಅಂಗಡಿ ಕಟ್ಟಿಸುವ ವ್ಯಾಪಾರಿ. ನನ್ನ ತಲೆ ನೋಡಿ ಗಾಬರಿಯಾದರು.

"ಅಯ್ಯೋ ಸಾ, ಯಾರ್ ಓಗ್ಬುಟ್ರು?"

"ಯಾರೂ ಹೋಗಿಲ್ಲ. ಮೌಲ್ಡು ನಿಂತಿತು. ಅದಕ್ಕೇ ಮುಡಿ" ಅಂದೆ ಹಲ್ಲು ಕಡಿಯುತ್ತ.

ಅವರು ನನ್ನ ಬೋಳುತಲೆಯನ್ನು ಸುತ್ತ ಒಂದು ಸಲ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದಿಂದ ಹೇಳಿದರು:

"ನಮ್ದು ಎರಡಂತಸ್ತು ಸಾ. ಮೊದ್ಲು ನಿಮ್ ಕೂದ್ಲು ಬೆಳೀಲಿ, ಆಮ್ಯಾಕೆ ನೋಡನ."