ಧವಳ್ಯಾನ ಸವಕಳಿ

ಜಾಗೀರಿನ ಲೆಕ್ಕ ಬರೆಯುವ ಹೊಸ ಹಿಸಾಬನೀಸ ಸಾಹೇಬರ ಸನ್ನಿಧಿಗೆ, ವಲಾಂಡಿಯ ರೈತ ಮನ್ಮಥಪ್ಪನು ತಲೆಬಾಗಿ, ಓದಬಲ್ಲವರು ಓದಲೆಂದು ಚಾವಡಿಯ ಗೋಡೆಗೂ ಒಂದು ಪ್ರತಿ ಅಂಟಿಸಿ, ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ಉದಗೀರದಿಂದ ತಮ್ಮನ್ನು ಎಳೆದು ತಂದ ಟಾಂಗಾದ ಕುದುರೆಯ ಸ್ಥಿತಿ ನೋಡಿಯೇ ತಾವು ಕ್ಷೇಮವೆಂದು ತಿಳಿದು ಸಂತೋಷವಾಯಿತು.

ತಾವು ಬರುವ ಮೊದಲು ನಮಗೆ ಬಾಳಿಕೆಯ ಆಸ್ತಿ ಎಂದರೇನೆಂದೇ ತಿಳಿದಿರಲಿಲ್ಲ. ಜೋಳ ತಿಂದು ಮುಗಿಸುವ ವಸ್ತು, ಅದು ಆ ವರ್ಷದ ಖರ್ಚು. ಎತ್ತು, ಗಾಡಿ ಹಲವು ವರ್ಷ ದುಡಿಯುವ ಆಸ್ತಿ, ಅದರ ಬೆಲೆಯನ್ನು ಬಾಳುವ ವರ್ಷಗಳಿಗೆಲ್ಲ ಹಂಚಿ ವರ್ಷಕ್ಕಿಷ್ಟು ಸವಕಳಿ ಎಂದು ಕಳೆಯಬೇಕು. ಕೊನೆಗೆ ಹಳೇ ಸಾಮಾನಿನ ಬೆಲೆಯಷ್ಟೇ ಉಳಿಯುತ್ತದೆ. ನೆಲವೊಂದೇ ಸವೆಯುವುದಿಲ್ಲ ಎಂದು ತಾವು ಚಾವಡಿಯಲ್ಲಿ ಕೂತು ಬಿಡಿಸಿ ಹೇಳಿದಿರಿ. ನಮ್ಮ ಅಜ್ಜಂದಿರು ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುತ್ತಿದ್ದರು. ತಾವು ಎತ್ತನ್ನೇ ನೋಡುವ ತೊಂದರೆ ತಪ್ಪಿಸಿದಿರಿ.

ಜಾಗೀರಿನ ತೋಟದಲ್ಲಿ ಚರ್ಮದ ಚೀಲದಿಂದ ನೀರೆತ್ತುವ ಮೋಟಿನ ಬಾವಿ ಇದೆ. ಅಲ್ಲಿ ಎತ್ತು ಹೂಡಿ ಮೋಟು ಹೊಡೆಯುವವನು ಬಕ್ಕಪ್ಪ. ಬಲಗಡೆಯ ಬಿಳಿ ಎತ್ತು ಧವಳ್ಯಾ. ಎತ್ತಿಗೆ ಎಂಟು ವರ್ಷ ಬಾಳಿಕೆ ಎಂದು ತಾವು ಗೊತ್ತುಮಾಡಿದಿರಿ, ಧವಳ್ಯಾ ಒಂಬತ್ತನೆಯ ವರ್ಷವೂ ನೀರೆಳೆಯುತ್ತ ತಮ್ಮ ಅಪ್ಪಣೆ ಮೀರಿದ. ಪೋಳಾ ಹಬ್ಬದ ದಿನ ಅವನ ಹೆಗಲಿಗೆ ನೊಗ ಇಡದೆ, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುತ್ತೇವೆ. ಆ ದಿನದ ಸವಕಳಿಯನ್ನೂ ತಾವು ಬಿಡದೆ ಕಳೆದಿದ್ದೀರಿ. ಈಗ ಉಳಿದಿರುವುದು ಚರ್ಮದ ಬೆಲೆ, ಎರಡು ರೂಪಾಯಿ ಮಾತ್ರ; ಆದ್ದರಿಂದ ಅಮಾವಾಸ್ಯೆಯೊಳಗೆ ಅವನನ್ನು ಚರ್ಮದ ವ್ಯಾಪಾರಿಗೆ ಒಪ್ಪಿಸಬೇಕೆಂದು ಅಪ್ಪಣೆಯಾಗಿದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಎತ್ತಿಗೆ ಸಲ್ಲುವುದಿಲ್ಲವೆಂದು ತಮ್ಮಿಂದ ಕಲಿತೆವು.

ಸಣ್ಣದೊಂದು ಅಡಚಣೆ. ಮೋಟಿನ ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ಎಳೆಯುವುದಲ್ಲದೆ, ಬರಿದಾದ ಚೀಲ ಬಾವಿಗಿಳಿಯುವಾಗ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಏರಿ ಬರಬೇಕು. ಈ ವಿದ್ಯೆ ಎತ್ತಿಗೆ ಹುಟ್ಟಿನಿಂದ ಬರುವುದಿಲ್ಲ. ಧವಳ್ಯಾನಿಗೆ ಬಕ್ಕಪ್ಪ ಎರಡು ಬೇಸಿಗೆ ಕಲಿಸಿದ. ಹಗ್ಗ ಬದಲಿಸಿದ್ದಕ್ಕೂ ಜಾಗ ಕೊಟ್ಟ ತಮ್ಮ ಪುಸ್ತಕದಲ್ಲಿ ಆ ಎರಡು ಬೇಸಿಗೆಗೆ ಜಾಗ ಸಿಗಲಿಲ್ಲ. ಎಡಗಡೆಗೆ ತಾವು ಕೊಂಡ ಅರವತ್ತು ರೂಪಾಯಿಯ ಎತ್ತು ಪುಸ್ತಕದಲ್ಲಿ ಬಲು ಎತ್ತರದಲ್ಲಿದೆ, ಬಾವಿಯ ಬಳಿ ಮಾತ್ರ ಧವಳ್ಯಾನ ಮುಖ ನೋಡಿಕೊಂಡು ಕಾಲು ಎತ್ತುತ್ತದೆ.

ಅಪ್ಪಣೆ ಕೇಳಿದಂದಿನಿಂದ ಬಕ್ಕಪ್ಪ ತನ್ನ ಪಾಲಿನ ರೊಟ್ಟಿಯನ್ನು ಧವಳ್ಯಾನಿಗೆ ತಿನ್ನಿಸುತ್ತಿದ್ದಾನೆ. ಅವನ ಹೆಂಡತಿ ಮಾಳಮ್ಮ ನಮ್ಮ ಅಂಗಳಕ್ಕೆ ಬಂದು, "ದಫ್ತರದಾಗ ಧವಳ್ಯಾ ಮುಗದಾನ ಅಂತ ಬರದಾರಂತರೀ. ಮೇವಿನ ಗ್ವಾದಲಿ ಮುಂದ ನಿಂತು ನನ್ನ ಸೆರಗ ಜಗ್ಗತಾನ. ನಾ ಹುಲ್ಲು ಯಾರಿಗಿ ಹಾಕ್ಲಿರೀ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಆ ಸಿಟ್ಟಿನ ಬೆಲೆಯನ್ನು ಎಷ್ಟು ವರ್ಷಕ್ಕೆ ಹಂಚಬೇಕೆಂದು ತಾವೇ ತಿಳಿಸಬೇಕು.

ತಾವು ದಯಮಾಡಿ ಬಂದು, ಬಾಳಿಕೆ ಮುಗಿದ ಸಂಗತಿಯನ್ನು ಧವಳ್ಯಾನ ಕಿವಿಯಲ್ಲಿ ಖುದ್ದಾಗಿ ಓದಿ ಹೇಳಬೇಕೆಂದು ಪ್ರಾರ್ಥನೆ. ಅವನಿಗೆ ಸರ್ಕಾರಿ ಉರ್ದು ಬಾರದು. ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಹಾಗೆಯೇ ಈ ವರ್ಷ ತಮ್ಮ ಪುಸ್ತಕದಲ್ಲಿ ಇಲ್ಲದ ಎತ್ತು ಎಳೆದ ನೀರನ್ನು ತೋಟದ ಗಿಡಗಳಿಂದ ವಾಪಸು ಪಡೆಯಬೇಕು. ಅದೇ ನೀರಿನಲ್ಲಿ ತಾವು ಮಾಡಿದ ಸ್ನಾನಗಳನ್ನೂ ಲೆಕ್ಕದಿಂದ ತೆಗೆದುಹಾಕಬೇಕು.

ಈ ನಡುವೆ ತಮ್ಮ ಬರಹವನ್ನು ಅಕ್ಷರಶಃ ಪಾಲಿಸಿದ್ದೇವೆ. ನಿನ್ನೆ ಬಕ್ಕಪ್ಪ ತಮ್ಮ ದಫ್ತರದಲ್ಲಿ ವ್ಯಾಪಾರಿಗಿಂತ ಮೊದಲೇ ಎರಡು ರೂಪಾಯಿ ಕಟ್ಟಿ, 'ಚರ್ಮ ಒಂದು, ಬಿಳಿ' ಎಂದು ತಮ್ಮ ಮುದ್ರೆಯಿರುವ ರಸೀದಿ ಪಡೆದು, ಚರ್ಮವನ್ನು ಮನೆಗೆ ಕರೆದುಕೊಂಡು ಹೋದ. ಒಳಗಿರುವುದಕ್ಕೆ ತಾವು ಬೆಲೆ ಹಚ್ಚಿಲ್ಲವಾದ್ದರಿಂದ ಅದನ್ನೂ ಜೊತೆಗೇ ಒಯ್ದಿದ್ದಾನೆ. ಮಾಳಮ್ಮ ಆ ಚರ್ಮಕ್ಕೆ ಹುಲ್ಲು ಹಾಕಿದ್ದಾಳೆ.

ತಮ್ಮ ವಿಶ್ವಾಸಿ, ಇನ್ನೂ ಪೂರ್ತಿ ಸವೆಯದ
ಮನ್ಮಥಪ್ಪ

ಮರೆತ ಮಾತು: ಇಂದು ಬೆಳಿಗ್ಗೆ ಅರವತ್ತು ರೂಪಾಯಿಯ ಎತ್ತು ಹೊಸ ಜೊತೆಗಾರನೊಂದಿಗೆ ಇಳಿಜಾರಿನ ಬುಡಕ್ಕೆ ಹೋಗಿ ಅಲ್ಲಿಯೇ ನಿಂತಿದೆ, ತಮ್ಮ ಸ್ನಾನದ ಹಂಡೆ ಒಣಗಿದೆ ಎಂದು ಕೇಳಿ ದುಃಖವಾಯಿತು. ಬಕ್ಕಪ್ಪ ತನ್ನ ಚರ್ಮವನ್ನು ಬಾಡಿಗೆಗೆ ಕೊಡಲು ಒಪ್ಪಿದ್ದಾನೆ. ದಿನಕ್ಕೆ ಎರಡೇ ರೂಪಾಯಿ. ಪೋಳಾ ಹಬ್ಬದ ದಿನ ಕೆಲಸವಿಲ್ಲ, ಬಾಡಿಗೆ ಉಂಟು.