ಹಿಮದೂರಿನ ಮನೆಗೆ ಶಕ್ತಿನಗರದ ಕಾವಲು

ಚಳಿಯ ಬಗ್ಗೆ ಮಾತಾಡುವ ಯೋಗ್ಯತೆ ನಮ್ಮ ಮಂಗಳೂರಿನವರಿಗೆ ಇಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವರ್ಷವಿಡೀ ಬೆವರು ಒರೆಸಿಕೊಳ್ಳುವ ನಾವು, ಡಿಸೆಂಬರಿನ ಒಂದು ಬೆಳಗ್ಗೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಿದೆವೆಂದರೆ "ಈ ವರ್ಷ ಎಂತ ಚಳಿ ಮಾರಾಯ್ರೆ" ಎಂದು ಒಬ್ಬರನ್ನೊಬ್ಬರು ಸಂತೈಸಿಕೊಳ್ಳುತ್ತೇವೆ. ಕದ್ರಿ ಪಾರ್ಕಿಗೆ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುವ ಗಂಡಸರು ಎರಡನೇ ಸುತ್ತಿಗೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ಆದರೂ ಸ್ವೆಟರ್ ಬಿಟ್ಟು ಹೋಗುವುದಿಲ್ಲ. ನಮಗೂ ಒಂದು ಚಳಿಗಾಲ ಉಂಟೆಂದು ಲೋಕಕ್ಕೆ ತೋರಿಸಬೇಕಲ್ಲ! ಅಂಥ ಗಂಡಸರಲ್ಲಿ ಒಬ್ಬರು ನನ್ನ ಗಂಡ ವಲೇರಿಯನ್, ಬ್ಯಾಂಕಿನಿಂದ ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಮ್ಮಿಬ್ಬರದು ಶಕ್ತಿನಗರದಲ್ಲಿ ಒಂದು ಮಹಡಿ ಮನೆ. ಹಿಮ ಎಂಬುದನ್ನು ನಾನು ನೋಡಿದ್ದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ, ಅದೂ ಬಂಗುಡೆ ಮೀನಿನ ವಾಸನೆಯೊಂದಿಗೆ. ಇಂಥವಳ ತಲೆಗೆ ಕೆನಡಾದ ಒಂದು ಇಡೀ ಚಳಿಗಾಲ ಬಂದು ಬಿದ್ದರೆ ಏನಾದೀತು ಎನ್ನುವುದನ್ನೇ ಹೇಳಹೊರಟಿದ್ದೇನೆ.

ನನ್ನ ತಂಗಿ ಐರಿನ್ ನರ್ಸ್. ಕುವೈತಿನಲ್ಲಿ ಬಹಳ ವರ್ಷ ಇದ್ದು, ಈಗ ಗಂಡ ಸಿರಿಲ್ ಜೊತೆ ಕೆನಡಾದ ಒಂದು ಸಣ್ಣ ಊರಿನಲ್ಲಿದ್ದಾಳೆ. ಈ ಜನವರಿಯಲ್ಲಿ ಇಬ್ಬರೂ ರಜೆಗೆ ಬಂದರು. ಬಂದವರು ಸುಮ್ಮನಿರದೆ ಕೇರಳದ ಒಂದು ಧ್ಯಾನಕೇಂದ್ರಕ್ಕೆ ಹೊರಟರು. ಅಲ್ಲಿ ಭಾನುವಾರ ಒಳಗೆ ಹೋಗುವಾಗ ಫೋನ್ ಒಪ್ಪಿಸಬೇಕು, ಶುಕ್ರವಾರ ಹೊರಗೆ ಬರುವಾಗ ತೆಗೆದುಕೊಳ್ಳಬೇಕು. ದೇವರಿಗೂ ಭಕ್ತರಿಗೂ ನಡುವೆ ಬೇರೆ ನೆಟ್‌ವರ್ಕ್ ಇರಬಾರದಂತೆ. ಹೊರಡುವ ಮುಂಚೆ ಐರಿನ್ ನನ್ನ ಫೋನ್ ಕಸಿದುಕೊಂಡು ಅದರಲ್ಲಿ ಏನೋ ಒಂದು ಆ್ಯಪ್ ಹಾಕಿದಳು. (ನಾವು ಮಾತಾಡಿದ್ದು ಕೊಂಕಣಿಯಲ್ಲಿ. ನಾನು ಕನ್ನಡ ಟೀಚರ್ ಆದ ಕಾರಣ ನಮ್ಮ ಮನೆಯವರೆಲ್ಲ ಈ ಬರಹದಲ್ಲಿ ಕನ್ನಡ ಮಾತಾಡುತ್ತಾರೆ.)

"ಅಕ್ಕ, ಇದು ಅಲ್ಲಿ ನಮ್ಮ ಬಾಗಿಲಿನ ಬೆಲ್ಲಿನ ಕ್ಯಾಮೆರಾ. ಯಾರಾದ್ರೂ ಬಂದ್ರೆ ಫೋನೇ ಹೇಳ್ತದೆ. ನೀನು ನೋಡಿದ್ರೆ ಸಾಕು."

"ಬಂದವ ಕಳ್ಳ ಆದ್ರೆ?"

"ಈ ಮೈಕಿನ ಗುರುತು ಒತ್ತಿ ಗಟ್ಟಿ ಮಾತಾಡು. ಅಲ್ಲಿ ಬಾಗಿಲ ಹತ್ತಿರ ಕೇಳ್ತದೆ. ನಿನ್ನ ಸ್ವರ ಕೇಳಿದ್ರೆ ಕಳ್ಳ ನಿಲ್ತಾನಾ?" ಎಂದು ನಗುತ್ತಾ ಟ್ಯಾಕ್ಸಿ ಹತ್ತಿದಳು.

ಅದೇ ಸಂಜೆ ನಾನು ಮೀನು ಕೊಯ್ಯುತ್ತಿದ್ದೆ. ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ಒಬ್ಬ ಅಪರಿಚಿತ ಹೆಂಗಸು ಇಂಗ್ಲಿಷಿನಲ್ಲಿ, ಬಹಳ ಮೃದುವಾಗಿ, ನಿಮ್ಮ ಮುಂಬಾಗಿಲಲ್ಲಿ ಯಾರೋ ಇದ್ದಾರೆ ಎಂದಳು. ಕೈಯಲ್ಲಿದ್ದ ಬಂಗುಡೆ ಸಮೇತ ಓಡಿಹೋಗಿ ನಮ್ಮ ಬಾಗಿಲು ತೆರೆದೆ. ಪಕ್ಕದ ಮನೆಯ ಬೆಕ್ಕು ಕೂತಿತ್ತು. ಅದಕ್ಕೆ ಇಂಗ್ಲಿಷ್ ಸೇವಕಿ ಯಾವಾಗ ಸಿಕ್ಕಿದಳೆಂದು ಒಂದು ಗಳಿಗೆ ನಾನು ನಿಜವಾಗಿ ಯೋಚಿಸಿದೆ. ಆಮೇಲೆ ಫೋನ್ ನೆನಪಾಗಿ ತೆರೆದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಬೆಳ್ಳನೆಯ ಮೆಟ್ಟಿಲು, ಬೆಳ್ಳನೆಯ ಅಂಗಳ, ಅದರಾಚೆ ಬೆಳ್ಳನೆಯ ರಸ್ತೆ. ಗಾಳಿಗೆ ಎದ್ದ ಹಿಮದ ಪುಡಿಯೊಂದು ಮನುಷ್ಯನಷ್ಟೇ ಎತ್ತರಕ್ಕೆ ನಿಂತು, ಸ್ವಲ್ಪ ಬಾಗಿ, ಬಾಗಿಲ ಕಡೆ ಬಂದು, ಇಲ್ಲವಾಯಿತು.

ಅಲ್ಲಿಂದ ಶುರುವಾಯಿತು ನನ್ನ ಕಾಯಿಲೆ. ಐರಿನ್ "ನೋಡಿದ್ರೆ ಸಾಕು" ಎಂದದ್ದು ಬೆಲ್ ಆದಾಗ ಮಾತ್ರ. ನಾನೋ, ಬೆಲ್ ಆಗದಾಗಲೂ ನೋಡತೊಡಗಿದೆ. ನಮಗೆ ಬೆಳಗಾದರೆ ಅಲ್ಲಿ ಹಿಂದಿನ ದಿನದ ರಾತ್ರಿ. ಇಲ್ಲಿ ಕಿಟಕಿಯಾಚೆ ತೆಂಗಿನ ಗರಿಯ ಮೇಲೆ ಬಿಸಿಲು ಚುರುಗುಟ್ಟುತ್ತಿರುವಾಗ, ಅಂಗೈಯಲ್ಲಿ ಬೂದುಬಣ್ಣದ ಒಂದು ಕತ್ತಲೆ. ಮನೆಗಳೆಲ್ಲ ಬಾಗಿಲು ಮುಚ್ಚಿಕೊಂಡು ಕಣ್ಣು ಮುಚ್ಚಿದ ಹಾಗೆ ನಿಂತಿರುತ್ತಿದ್ದವು. ಒಂದು ನಾಯಿ ಬೊಗಳುವುದಿಲ್ಲ, ಒಂದು ಸ್ಕೂಟರ್ ಹೋಗುವುದಿಲ್ಲ. ಸ್ವರ ಹೆಚ್ಚಿಸಿ ಕಿವಿಗಿಟ್ಟುಕೊಂಡರೆ ಉಸಿರಿನಂಥ ಗಾಳಿ, ಮತ್ತೆ ಎಲ್ಲೋ ಮರದೊಳಗೆ 'ಟಕ್' ಎಂದು ಏನೋ ಬಿರಿದ ಸದ್ದು. ಖಾಲಿ ಮನೆಯೊಂದು ತನ್ನಷ್ಟಕ್ಕೆ ತಾನಿರುವಾಗ ಹೇಗಿರುತ್ತದೆಂದು ಮನುಷ್ಯರು ನೋಡಬಾರದು. ನೋಡಿದವಳಿಗೆ ಮೈಯೆಲ್ಲ ಚಳಿ ಹತ್ತಿ, ನಾನು ಶಾಲು ಹೊದ್ದು ಶಾಲೆಗೆ ಹೋದೆ. "ಟೀಚರ್‌ಗೆ ಜ್ವರ" ಎಂದು ಮಕ್ಕಳು ಸಂತೋಷಪಟ್ಟರು.

ಹಿಮದ ಪುಡಿಯನ್ನಾದರೂ ಗಾಳಿಯ ಲೆಕ್ಕಕ್ಕೆ ಹಾಕಬಹುದಿತ್ತು. ಮೆಟ್ಟಿಲುಗಳನ್ನು ಯಾರ ಲೆಕ್ಕಕ್ಕೆ ಹಾಕುವುದು? ಸೋಮವಾರ ಮೆಟ್ಟಿಲೇ ಕಾಣದಷ್ಟು ಹಿಮ ಬಿತ್ತು. ನಾನು ನೋಡುತ್ತಿದ್ದ ಹಾಗೆ ಚಿತ್ರ ನಿಂತುಹೋಗಿ ಪರದೆ ಕಪ್ಪಾಯಿತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಬಂದಾಗ ಮೆಟ್ಟಿಲುಗಳು ಸ್ವಚ್ಛ! ಮೆಟ್ಟಿಲಿನಿಂದ ರಸ್ತೆಯವರೆಗೆ, ಹಿಮದ ನಡುವೆ ಚಾಕುವಿನಿಂದ ಕೊಯ್ದಂಥ ನೇರವಾದ ದಾರಿ. ಮನುಷ್ಯರ ಸುಳಿವಿಲ್ಲ. ಮಂಗಳವಾರವೂ ಹಾಗೆಯೇ. ಹಿಮ ಬಿತ್ತು, ಪರದೆ ಕಪ್ಪಾಯಿತು, ದಾರಿ ಸ್ವಚ್ಛವಾಯಿತು. ವಲೇರಿಯನ್‌ಗೆ ತೋರಿಸಿದೆ.

"ಕಳ್ಳ ಇರಬಹುದಾ?" ಎಂದೆ.

"ಕಳ್ಳ ಯಾರಾದ್ರೂ ಅಂಗಳ ಗುಡಿಸಿ ಹೋಗ್ತಾನಾ ಮಾರಾಯ್ತಿ? ಅಂಥ ಕಳ್ಳ ಇದ್ರೆ ನಮ್ಮಲ್ಲಿಗೂ ಕಳಿಸು," ಎಂದರು. ಹಾಗೆಂದವರು ಆ ರಾತ್ರಿ ಮಲಗುವ ಮುಂಚೆ ನಮ್ಮ ಬಾಗಿಲಿನ ಚಿಲಕವನ್ನು ಎರಡು ಸಲ ಎಳೆದು ನೋಡಿದ್ದನ್ನು ನಾನು ಗಮನಿಸದೆ ಇರಲಿಲ್ಲ.

ಗುರುವಾರ ಬೆಳಗ್ಗೆ ನೀರುದೋಸೆಗೆ ಕಾವಲಿ ಇಟ್ಟು, ಪಕ್ಕದಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟಿದ್ದೆ. ಅವತ್ತು ಅಲ್ಲಿ ಹಿಮ ಇರಲಿಲ್ಲ, ಮಳೆ! ಪರವಾಗಿಲ್ಲ, ನಮ್ಮ ಪರಿಚಯದ ವಸ್ತು ಬಂತಲ್ಲ ಎಂದು ನನಗೆ ಸಮಾಧಾನವಾಯಿತು. ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಮಳೆ ಹರಿದುಹೋಗುತ್ತಿರಲಿಲ್ಲ. ಬಿದ್ದಲ್ಲೇ ಗಟ್ಟಿಯಾಗುತ್ತಿತ್ತು. ಮರದ ಕೊಂಬೆ, ಮೆಟ್ಟಿಲ ಕಂಬಿ, ರಸ್ತೆ ಎಲ್ಲದಕ್ಕೂ ಗಾಜು ಹೊಯ್ದ ಹಾಗೆ ಬೀದಿದೀಪದಲ್ಲಿ ಮಿನುಗುತ್ತಿತ್ತು. ಆಗ ರಸ್ತೆಯಲ್ಲಿ ಒಂದು ಕಾರು ಬಂತು. ಬಂತು ಎಂದರೆ, ಅಡ್ಡಡ್ಡವಾಗಿ ಬಂತು. ಒಂದು ಚೂರೂ ಸದ್ದಿಲ್ಲದೆ, ಒಳಗೆ ಯಾರೂ ಇಲ್ಲದೆ, ದೀಪ ಹಚ್ಚದೆ, ಮೆಲ್ಲಗೆ ತಿರುಗುತ್ತಾ ಐರಿನ್ ಮನೆಯ ಮುಂದಿನಿಂದ ಜಾರಿಕೊಂಡು ಕೆಳಗೆ ಹೋಯಿತು. ಯಾರೋ ಮೇಲೆ ನಿಲ್ಲಿಸಿಟ್ಟಿದ್ದ ಕಾರು ಮಂಜುಗಡ್ಡೆಯ ಮೇಲೆ ತಾನಾಗಿ ಹೊರಟದ್ದು ಎಂದು ಈಗ ಗೊತ್ತು. ಆಗ ನನಗೆ ಗೊತ್ತಾದದ್ದು ದೋಸೆ ಕರಟಿದ್ದು ಮಾತ್ರ.

ದೋಸೆ ಎಬ್ಬಿಸಿ ತಿರುಗುವಷ್ಟರಲ್ಲಿ ಆ ಮೃದು ಹೆಂಗಸು ಬಾಗಿಲಲ್ಲಿ ಯಾರೋ ಇದ್ದಾರೆ ಎಂದಳು. ನೋಡಿದರೆ ಮೆಟ್ಟಿಲ ಬುಡದಲ್ಲಿ ಉದ್ದಕ್ಕೆ ಏನೋ ಕಪ್ಪಗೆ ಬಿದ್ದಿತ್ತು. ಅದರ ಪಕ್ಕ ಒಂದು ಅಗಲವಾದ ಸಲಿಕೆ. ನೋಡುತ್ತಿದ್ದಂತೆ ಆ ಕಪ್ಪಿನಿಂದ ಒಂದು ಕೈ ಎದ್ದು ಮೆಟ್ಟಿಲನ್ನು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು, ಮತ್ತೆ ಜಾರಿತು.

ನನಗೆ ಅಷ್ಟು ದಿನದ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೈಕಿನ ಗುರುತು ಒತ್ತಿ, "ಯಾರದು? ಹೂ ಈಸ್ ದೇರ್?" ಎಂದು ಕೂಗಿದೆ.

ಆ ಆಕೃತಿ ತಲೆ ಎತ್ತಿ ನೇರ ನನ್ನನ್ನೇ ನೋಡಿತು. ವಯಸ್ಸಾದ ಬಿಳಿಯರೊಬ್ಬರ ಮುಖ. ಆ ಕ್ಯಾಮೆರಾದ ಬೆಳಕಿಗೆ ಕಣ್ಣುಗಳು ಬೆಕ್ಕಿನ ಕಣ್ಣಿನಂತೆ ಹೊಳೆದವು. ಗಡ್ಡದ ಮೇಲೆ ಮಂಜು ಕಟ್ಟಿತ್ತು.

"ಡೊರೊತಿ?" ಎಂದರು.

ನಾನು ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಬಂದು ನಿಂತಿದ್ದ ವಲೇರಿಯನ್ ಕೂಡ ತಮ್ಮ ಹಿಂದೆ ತಿರುಗಿ ನೋಡಿದರು. ಅಡುಗೆಮನೆಯಲ್ಲಿ ನಾವಿಬ್ಬರೇ. ಆ ಮನೆಯಲ್ಲೋ, ಯಾರೂ ಇಲ್ಲ.

"ನಾನು ಐರಿನಳ ಅಕ್ಕ, ಮಂಗಳೂರಿನಿಂದ ಮಾತಾಡ್ತಿದ್ದೇನೆ" ಎಂದು ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ವಿವರ ಕೇಳುತ್ತಾ ಕೇಳುತ್ತಾ ಅವರು ಮೆಲ್ಲಗೆ ತಲೆಯನ್ನು ಮಂಜುಗಡ್ಡೆಯ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಅಂಥ ಚಳಿಯಲ್ಲಿ ಬಿದ್ದವರು ನಿದ್ದೆ ಹೋದರೆ ಏಳುವುದಿಲ್ಲವೆಂದು ಐರಿನ್ ಯಾವತ್ತೋ ಹೇಳಿದ್ದಳು. ವಲೇರಿಯನ್ 112 ಒತ್ತಲು ತಮ್ಮ ಫೋನ್ ಎತ್ತಿಕೊಂಡವರು, "ಅವರು ಶಕ್ತಿನಗರಕ್ಕೆ ಬರ್ತಾರಲ್ವಾ" ಎಂದು ಕೆಳಗಿಟ್ಟರು. ಧ್ಯಾನಕೇಂದ್ರಕ್ಕೆ ಮಾಡಿದರೆ, ಎಲ್ಲರೂ ಪ್ರಾರ್ಥನೆಯಲ್ಲಿದ್ದಾರೆ, ಮುಗಿದ ಮೇಲೆ ತಿಳಿಸುತ್ತೇವೆ ಎಂದು ಮಲಯಾಳದಲ್ಲಿ ಉತ್ತರ ಬಂತು.

"ಮಲಗಬೇಡಿ! ಡೋಂಟ್ ಸ್ಲೀಪ್!" ಎಂದೆ. ಕದಲಲಿಲ್ಲ. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಮೂವತ್ತು ವರ್ಷ ಕನ್ನಡ ಕಲಿಸಿದವಳ ಬಾಯಿಂದ ಗಾಬರಿಯಲ್ಲಿ ಬೇರೆ ಏನು ಬಂದೀತು? "ಕಣ್ಣು ಬಿಡಿ ಮೊದಲು! ಕ್ಲಾಸಿನಲ್ಲಿ ಮಲಗೋದಾ? ನಾನು ಹೇಳಿದ ಹಾಗೆ ಹೇಳಿ. ಒಂದು!"

ಕಣ್ಣು ತೆರೆಯಿತು. "ಡೊರೊತಿ, ನೀನೇನಾ?" ಎಂದರು ಇಂಗ್ಲಿಷಿನಲ್ಲಿ.

ಐರಿನಳ ಅಕ್ಕ ಎಂದಾಗ ಮುಚ್ಚಿದ ಕಣ್ಣು ಅದು. "ಯೆಸ್," ಎಂದೆ. "ಒಂದು!"

"ಒಂಡು," ಎಂದರು.

"ಒಂಡು ಅಲ್ಲ, ಒಂದು!" ಎಂದು ತಿದ್ದಿದೆ. ಜೀವ ಹೋಗುತ್ತಿರುವವರ ಉಚ್ಚಾರ ತಿದ್ದಿದವಳೆಂದು ವಲೇರಿಯನ್ ಈಗಲೂ ನೆಂಟರ ಮುಂದೆ ಹೇಳುತ್ತಾರೆ.

ನನ್ನ ಬೊಬ್ಬೆಗೆ ಕೆಳಗಿನ ಮನೆಯ ಝೊಹರಾ ಓಡಿಬಂದಳು. ಅವಳ ಗಂಡನಿಗೆ ಪಂಪ್‌ವೆಲ್‌ನಲ್ಲಿ ಪಾತ್ರೆ ಅಂಗಡಿ. ಫೋನ್ ನೋಡಿದವಳೇ, "ಟೀಚರೇ, ನಮ್ಮ ಅಂಗಡಿಯದ್ದೂ ಇಂಥದ್ದೇ. ಇದರಲ್ಲಿ ಸೈರನ್ ಉಂಟಲ್ಲ, ಒತ್ತಿ! ನಮ್ಮವರು ಒಮ್ಮೆ ಗೊತ್ತಿಲ್ಲದೆ ಒತ್ತಿ ಇಡೀ ಪಂಪ್‌ವೆಲ್ ಬಂದು ನಿಂತಿತ್ತು," ಎಂದು ತಾನೇ ಒತ್ತಿಬಿಟ್ಟಳು.

ಆ ಸತ್ತ ಬೀದಿಯಲ್ಲಿ ಎದ್ದ ಕೂಗನ್ನು ನಾನು ಮರೆಯಲಾರೆ. ಅದು ನಿಂತಾಗಲೆಲ್ಲ ನಾನು "ಐದು! ಆರು!" ಎನ್ನುವುದು, ಅವರು ಗೊಣಗುವುದು, ಮತ್ತೆ ಝೊಹರಾ ಒತ್ತುವುದು. ಎದುರು ಮನೆಯ ದೀಪ ಹತ್ತಿತು. ಆಚೆ ಮನೆಯದೂ ಹತ್ತಿತು. ಬಾಗಿಲು ತೆರೆದು ಒಬ್ಬ ಗಂಡಸು ಹೊರಗೆ ಬಂದು, ಎರಡು ಹೆಜ್ಜೆ ಇಟ್ಟು, ದೊಪ್ಪನೆ ಕೂತ. ಹಿಂದೆಯೇ ಅವನ ಹೆಂಡತಿ ಬಕೆಟಿನಿಂದ ಉಪ್ಪು ಎರಚುತ್ತಾ, ಎರಚಿದ ಜಾಗದಲ್ಲಿ ಮಾತ್ರ ಕಾಲಿಡುತ್ತಾ ಬಂದಳು. ಅವನು ಕೂತಲ್ಲಿಂದಲೇ ಮಗುವಿನ ಹಾಗೆ ತೆವಳಿಕೊಂಡು ಬಂದ. ಇಬ್ಬರೂ ಸೇರಿ ಮುದುಕರನ್ನು ಒಂದು ಕಂಬಳಿಗೆ ಹಾಕಿ, ಕಂಬಳಿಯನ್ನೇ ಎಳೆದುಕೊಂಡು ಹೋದರು. ಹೋಗುವಾಗ ಆ ಹೆಂಗಸು ಹಿಂದೆ ತಿರುಗಿ, ಕತ್ತಲಾದ ಕಿಟಕಿಗಳನ್ನೂ ಮುಚ್ಚಿದ ಬಾಗಿಲನ್ನೂ ಒಮ್ಮೆ ನೋಡಿ, ಶಿಲುಬೆಯ ಗುರುತು ಮಾಡಿಕೊಂಡಳು. ನಾನು "ಥ್ಯಾಂಕ್ ಯೂ" ಎಂದೆ. ಅವಳು ಉಳಿದ ಉಪ್ಪನ್ನೆಲ್ಲ ಅಲ್ಲೇ ಚೆಲ್ಲಿ, ಜಾರುತ್ತಾ ಓಡಿದಳು.

ಶುಕ್ರವಾರ ಸಂಜೆ ಫೋನ್ ಕೈಗೆ ಸಿಕ್ಕಿದ ಕೂಡಲೇ, ಎದುರು ಮನೆಯವರ ಮೆಸೇಜ್ ನೋಡಿ, ಐರಿನ್ ಅತ್ತುಕೊಂಡು ಮಾತಾಡಿದಳು. ಬಿದ್ದವರು ಪಕ್ಕದ ಮನೆಯ ವಾಲ್ಟರ್. ಕಾಲಿನ ಮೂಳೆ ಮುರಿದಿದೆ, ಜೀವಕ್ಕೆ ತೊಂದರೆ ಇಲ್ಲ. ದಿನಾ ಮೆಟ್ಟಿಲಿನ ಹಿಮ ತೆಗೆಯುತ್ತಿದ್ದವರೂ ಅವರೇ.

"ಅದನ್ನು ಮೊದಲೇ ಹೇಳ್ಲಿಕ್ಕೆ ನಿನಗೆಂತ ಆಗಿತ್ತು?" ಎಂದೆ.

"ಮರ್ತುಹೋಯ್ತು ಅಕ್ಕ. ಚಳಿ ಜೋರಾದ್ರೆ ಕ್ಯಾಮೆರಾದ ಬ್ಯಾಟರಿ ನಿಲ್ತದೆ, ಅದಕ್ಕೇ ಅವರು ನಿನಗೆ ಕಾಣ್ಲಿಲ್ಲ. ಗುರುವಾರ ಚಳಿ ಕಮ್ಮಿ ಇತ್ತು, ಮಳೆ ಬಂತಲ್ಲ, ಅದಕ್ಕೆ ನಡೀತಾ ಇತ್ತು."

ಡೊರೊತಿ ಯಾರು ಎಂದು ಕೇಳಿದೆ. ವಾಲ್ಟರ್ ಅವರ ಹೆಂಡತಿ, ತಾವು ಆ ಮನೆಗೆ ಹೋಗುವ ಮುಂಚೆಯೇ ತೀರಿಕೊಂಡವರು ಎಂದಳು.

ಕೆನಡಾಕ್ಕೆ ಮರಳಿದ ಮೇಲೆ ಐರಿನ್ ಅವರನ್ನು ನೋಡಲು ಹೋಗಿ ನಡೆದದ್ದನ್ನು ಬಿಡಿಸಿ ಹೇಳಿದ್ದಾಳೆ. ಅವರು ಅವಳ ಕೈ ತಟ್ಟಿ, "ನಿನ್ನ ಅಕ್ಕ ಒಳ್ಳೆಯವಳೇ ಇರಬಹುದಮ್ಮ. ಆದರೆ ಡೊರೊತಿಯ ಸ್ವರ ನನಗೆ ಗೊತ್ತಾಗುವುದಿಲ್ಲವೇ?" ಎಂದರಂತೆ.

"ಆದರೆ ಡೊರೊತಿ ಗೊತ್ತಿಲ್ಲದ ಭಾಷೆಯಲ್ಲಿ ಎಣಿಸಿದರಲ್ಲ?" ಎಂದು ಐರಿನ್ ಕೇಳಿದ್ದಾಳೆ.

"ಅಲ್ಲಿಗೆ ಹೋದ ಮೇಲೆ ಕಲಿತಿರಬೇಕು," ಎಂದರಂತೆ ವಾಲ್ಟರ್.

ಪರಲೋಕದಲ್ಲಿ ಕನ್ನಡ ನಡೆಯುತ್ತದೆಂಬ ಸುದ್ದಿಗೆ ಕನ್ನಡ ಟೀಚರಾಗಿ ನಾನು ಖುಷಿಪಡಬೇಕಿತ್ತು. ಪಡಲಾಗಲಿಲ್ಲ. ಒಂದು ಜೀವ ಉಳಿಸಿದ ಪುಣ್ಯ ನೋಡುನೋಡುತ್ತಾ ಬೇರೊಬ್ಬಳ ಪಾಲಾಯಿತಲ್ಲ! ಅವತ್ತಿನ ರೆಕಾರ್ಡಿಂಗನ್ನು ಐರಿನ್ ಕಳಿಸಿದ್ದಳು. ಕೇಳಿ ಇನ್ನಷ್ಟು ಕಂಗಾಲಾದೆ. ಗಾಳಿಯ ನಡುವಿನಿಂದ, ತೆಳ್ಳಗೆ, ತಣ್ಣಗೆ, ಬಹಳ ದೂರದಿಂದ "ಏಳು... ಎಂಟು..." ಎನ್ನುವ ಆ ಸ್ವರ ನನ್ನದಲ್ಲ. ಅದು ನನ್ನದೆಂದು ನನಗೆ ಗೊತ್ತಿಲ್ಲದಿದ್ದರೆ ನಾನೂ ಡೊರೊತಿ ಎಂದೇ ನಂಬುತ್ತಿದ್ದೆ. ವಲೇರಿಯನ್ ಕೂಡ ಕೇಳಿದರು. ಎದ್ದುಹೋಗಿ ಅಡುಗೆಮನೆಯ ದೀಪ ಹಾಕಿದರು.

ಆ್ಯಪ್ ಇರಲಿ, ಮುಂದಿನ ರಜೆಗೆ ಬೇಕಾಗ್ತದೆ ಎಂದಿದ್ದಾಳೆ ಐರಿನ್. ಈಗ ವಾಲ್ಟರ್ ಊರುಗೋಲು ಹಿಡಿದು ನಡೆಯುತ್ತಾರೆ. ಐರಿನ್‌ಗೆ ರಾತ್ರಿ ಪಾಳಿ ಇದ್ದ ದಿನ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ಬೆಲ್ ಒತ್ತುವುದಿಲ್ಲ. ಹಿಮ ಕರಗುತ್ತಿದೆ, ರಸ್ತೆ ಕಾಣುತ್ತಿದೆ ಎಂದೇನೋ ಕ್ಯಾಮೆರಾಕ್ಕೆ ಹೇಳಿ, ಸ್ವಲ್ಪ ಕಾದು, ಹೋಗುತ್ತಾರೆ. ನಾನು ದೋಸೆ ಹೊಯ್ಯುತ್ತಾ ಉಸಿರು ಬಿಗಿಹಿಡಿದು ನೋಡುತ್ತೇನೆ, ಮಾತಾಡುವುದಿಲ್ಲ. ಮೊನ್ನೆ ಮಾತ್ರ ಅವರು ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಗಾಳಿ ಬೀಸುತ್ತಿತ್ತು, ಕೋಟು ತೆರೆದೇ ಇತ್ತು. ನನಗೆ ತಡೆಯಲಾಗಲಿಲ್ಲ. ಮೈಕ್ ಒತ್ತಿ, "ಕೋಟಿನ ಗುಂಡಿ ಹಾಕಿಕೊಳ್ಳಿ" ಎಂದೆ, ಕನ್ನಡದಲ್ಲೇ. ಅವರು ಊರುಗೋಲನ್ನು ಕಂಬಿಗೆ ಒರಗಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಹಾಕಿಕೊಂಡು, ನಕ್ಕು, ಮನೆಗೆ ಹೋದರು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನನ್ನ ಒಂದು ಮಾತನ್ನು ಹೀಗೆ ಎದುರಾಡದೆ ನಡೆಸಿಕೊಟ್ಟವರು ಇದುವರೆಗೆ ಯಾರೂ ಇಲ್ಲ. ಅದಕ್ಕೆ ಹೇಳುವವಳು ಮೊದಲು ಸತ್ತಿರಬೇಕಾಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ.