ಸ್ಕೋರರ್ ಬೈಯಬಾರದು

ಭಾನುವಾರ ಬಂತು ಅಂದ್ರೆ ಮೈದಾನದಲ್ಲಿ ಯಾರಾದ್ರೊಬ್ರು ನನ್ನ ತಲೆ ಕೆಡಿಸೇ ಕೆಡಿಸ್ತಾರೆ. ನಮ್ಮ ದುರ್ಗದ ಸುತ್ತ ಎಲ್ಲಿ ಟೆನಿಸ್ ಬಾಲ್ ಪಂದ್ಯ ನಡೆದ್ರೂ ಸ್ಕೋರ್ ಬರೆಯೋನು ನಾನು. ಹದಿನೆಂಟು ವರ್ಷ ಆಯ್ತು, ಅದೂ ಕನ್ನಡದಲ್ಲೇ ಬರೆಯೋದು. ಔಟಾದ್ರೆ ಜನ ಸುಮ್ನೆ ಹೋಗ್ತಾರೆ. ಬ್ಯಾಟಿಗೆ ತಾಗದೆ ಬರೋ ರನ್ನಿಗೆ ಮಾತ್ರ ಜಗಳಕ್ಕೆ ಬರ್ತಾರೆ. ರೂಲ್ಸ್ ಗೊತ್ತಿಲ್ಲ, ಬಾಯಿ ಮಾತ್ರ ಐತೆ! ನಾನೂ ಬಿಡೋನಲ್ಲ, ಬೈತೀನಿ. ಅದಕ್ಕೇ ಈ ಸಲ ಟೂರ್ನಮೆಂಟ್ ಅಧ್ಯಕ್ಷರು ಖಡಕ್ಕಾಗಿ ಹೇಳಿದ್ರು: "ಇನ್ನೊಂದ್ಸಲ ಯಾರಿಗಾದ್ರೂ ಬೈದ್ರೆ ಆ ಪುಸ್ತಕ ಕಿತ್ಕಂತೀನಿ." ಸ್ಕೋರ್ ಪುಸ್ತಕ ಹೋದ್ರೆ ಭಾನುವಾರ ನಾನೇನು ಮಾಡ್ಲಿ? ಹಲ್ಲು ಕಚ್ಕಂಡು ಕುಂತೆ.

ವೈಡು

ಹೊಳಲ್ಕೆರೆಯಲ್ಲಿ ಒಬ್ಬ ಬೌಲರ್ ಒಂದೇ ಓವರಿಗೆ ಐದು ವೈಡ್ ಹಾಕಿದ. ಅವರ ಕ್ಯಾಪ್ಟನ್ ಬಂದು ನನ್ನ ಮೇಜು ಬಡಿದ.

"ರನ್ನೂ ಕೊಟ್ಟು, ಬಾಲೂ ಮತ್ತೆ ಹಾಕ್ಬೇಕಾ? ಒಂದ್ ತಪ್ಪಿಗೆ ಎರಡು ಶಿಕ್ಷೆ, ಯಾವ ನ್ಯಾಯ ರೀ?"

ಪಿತ್ತ ನೆತ್ತಿಗೇರ್ತು. ಆದ್ರೂ ಮೆತ್ತಗೆ ಅಂದೆ, "ಅದು ರೂಲ್ಸು."

"ಐದು ಬಾಲೂ ಒಂದೇ ಜಾಗಕ್ಕೆ ಹಾಕವ್ನೆ ನಮ್ಮೋನು. ನೀವೇ ಸ್ಟಂಪ್ ಸರಿಯಾಗಿ ನೆಟ್ಟಿಲ್ಲ!"

ನೋ ಬಾಲು

ಬಾಗೂರಲ್ಲಿ ಮೈದಾನದೊಳಗೇ ಕುರಿ ಮೇಯ್ತಿದ್ವು. ಅಂಪೈರ್ "ನೋ ಬಾಲ್!" ಅಂತ ಕೂಗಿದ, ಬ್ಯಾಟ್ಸ್‌ಮನ್ ಹೊಡೆದ, ಬಾಲು ಹಿಂಡಿನೊಳಕ್ಕೆ ಹೋಯ್ತು. ಹನ್ನೊಂದು ಜನ ಹುಡುಕ್ತಾವ್ರೆ, ಇಬ್ರು ಓಡ್ತಾನೇ ಅವ್ರೆ. ಏಳು ರನ್ ಬರೆದೆ! ನೋಡಿದ್ರೆ ಕುರಿ ಕಾಯೋ ಅಜ್ಜ ಬಾಲನ್ನ ಕಂಬಳಿ ಕೆಳಗೆ ಇಟ್ಕಂಡು ಕುಂತವ್ನೆ.

"ಯಾಕಜ್ಜ, ಕೊಡಬಾರ್ದಾ?"

"ರೇಷನ್ ಅಂಗಡೀಲಿ ನೋ ಸ್ಟಾಕ್ ಅಂದ್ರೆ ಅಕ್ಕಿ ಇಲ್ಲ ಅಂತ ಅಲ್ವೇನಪ್ಪ? ನೋ ಬಾಲ್ ಅಂತ ನಿಮ್ಮೋನೇ ಕೂಗಿದ. ಬಾಲೇ ಇಲ್ಲ ಅಂದ್ಮೇಲೆ ಇದು ನಿಮ್ದು ಹೆಂಗಾಗ್ತೈತೆ?"

ಬೈ

ಹಿರಿಯೂರಲ್ಲಿ ಫೈನಲ್. ಕೊನೇ ಬಾಲು, ಸ್ಕೋರ್ ಸಮ. ಬಾಲು ಬ್ಯಾಟಿಗೂ ತಾಗಲಿಲ್ಲ, ಮೈಗೂ ತಾಗಲಿಲ್ಲ, ಕೀಪರ್ ಕಾಲ ಸಂದಿಯಲ್ಲಿ ನುಗ್ಗಿ ಹೋಯ್ತು. ಒಂದು ರನ್ ಓಡಿ ಗೆದ್ರು. ಆ ಕೀಪರ್ ಅಧ್ಯಕ್ಷರ ಅಳಿಯ. ನನ್ನ ಪಕ್ಕ ಮೈಕ್ ಹಿಡಿದೋನು ಹೊಸಬ, ವಾರವೆಲ್ಲ ಆಟೋದಲ್ಲಿ ಸೀರೆ ಸೇಲ್ ಕೂಗೋನು.

"ಈಗ ಏನಣ್ಣ?" ಅಂದ.

"ಬೈ!"

"ಯಾರಿಗಣ್ಣ?"

"ಕೀಪರ್ ಬಾಲ್ ಬಿಟ್ಟನಲ್ಲೋ, ಬೈ! ಜೋರಾಗಿ ಹೇಳಲೇ!"

ಶುರು ಹಚ್ಕಂಡ. "ಲೇ ಕೀಪರ್! ಕಣ್ಣು ಎಲ್ಲಿಟ್ಟಿದ್ದೆ? ಗ್ಲೌಸ್ ಏನು ರೊಟ್ಟಿ ಬಡಿಯಾಕೆ ಹಾಕ್ಕಂಡಿದ್ಯಾ, ದಂಡಪಿಂಡ!"

ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಓಡಿ ಬಂದ್ರು. "ನೀನು ಬಾಯ್ಮುಚ್ಕಂಡು ಮೈಕಲ್ಲಿ ಬೈಸ್ತೀಯೇನೋ?"

"ಅಯ್ಯೋ, ಈ ಟೂರ್ನಮೆಂಟಲ್ಲಿ ನಾನು ಒಬ್ರಿಗೂ ಬೈದಿಲ್ಲ ಸಾರ್! ಬೇಕಾದ್ರೆ ಪುಸ್ತಕ ನೋಡ್ರಿ, ಎಲ್ಲ ಅದ್ರಲ್ಲೇ ಐತೆ!"

ಕ್ರಿಕೆಟ್ ಅಂದ್ರೆ ಅವರಿಗೆ ರಿಬ್ಬನ್ ಕತ್ತರಿಸೋದಷ್ಟೇ ಗೊತ್ತು. ಕನ್ನಡಕ ಏರಿಸಿ ಓದಿದ್ರು.

"ಬೈ, ಹದಿನಾಲ್ಕು." ಮುಖ ಕೆಂಪಾಯ್ತು. "ಹದಿನಾಲ್ಕು ಸಲ ಬೈದಿದ್ದಲ್ದೆ ಬರ್ದು ಬೇರೆ ಇಟ್ಟಿದ್ಯಾ!"

ಕೆಳಗಿನ ಸಾಲಿಗೆ ಬಂದ್ರು. ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸ್ಕಂಡ್ರು.

"ಲೆಗ್ ಬೈ, ಮೂರು! ನನ್ನ ಅಳಿಯನ ಕಾಲನ್ನೂ ಬಿಟ್ಟಿಲ್ವಲ್ಲೋ!"